ತನುಜಳ ಬೆರಳುಗಳೂ ಬೇಸಿನ್ನಿನ ಬಿಸಿನೀರೂ

ಶಿಡ್ಲಘಟ್ಟದ ತನುಜಳಿಗೆ ಬೆಳಗಾಗುವುದೆಂದರೆ ಬಿಸಿನೀರಿಗೆ ಕೈ ಹಾಕುವುದು. ಕಾಫಿಗಿಂತ ಮೊದಲೇ, ಮನೆಯ ಹಿಂದಿನ ಶೆಡ್ಡಿನಲ್ಲಿ ಗಂಡ ವೇಣು ಬೇಯಿಸಿಟ್ಟ ರೇಷ್ಮೆಗೂಡುಗಳು ಬೇಸಿನ್ನಿನಲ್ಲಿ ತೇಲುತ್ತಿರುತ್ತವೆ. ಆವಿಯಾಡುವ ನೀರಿನಲ್ಲಿ ಬೆರಳಾಡಿಸಿ, ಕಣ್ಣಿಗೂ ಸರಿಯಾಗಿ ಕಾಣದ ಎಳೆಯ ತುದಿ ಹಿಡಿದು ರಾಟೆಗೆ ಕೊಡುವುದರಲ್ಲಿ ಆ ಬೀದಿಗೆಲ್ಲ ಅವಳದೇ ಎತ್ತಿದ ಕೈ.

“ನಮ್ಮನೇವ್ಳ ಬೆರಳಿಗೂ ಕಣ್ಣಿದೆ” ಎಂದು ವೇಣು ಹೊಗಳಿದರೆ, “ಹೊಗಳಿದ್ದು ಸಾಕು, ಒಲೆಗೆ ಸೌದೆ ತಳ್ಳಿ” ಎನ್ನುತ್ತಾಳೆ.

ಅವಳ ತಾಯಿ ಅಶ್ವತ್ಥಮ್ಮ ಜಂಗಮಕೋಟೆಯವರು. ರುಮಟಾಯ್ಡ್ ಸಂಧಿವಾತ ಅವರ ಬೆರಳುಗಳನ್ನು ಒಂದೇ ಕಡೆಗೆ ವಾಲಿಸಿಬಿಟ್ಟಿದೆ. ಮುದ್ದೆ ಮುರಿಯುವುದೂ ಕಷ್ಟ. ಅವರನ್ನು ಚಿಕ್ಕಬಳ್ಳಾಪುರದ ಡಾಕ್ಟರ್ ಮಹತಿಯವರ ಬಳಿ ಕರೆದೊಯ್ಯುವವಳು ತನುಜಳೇ. ಒಮ್ಮೆ ಡಾಕ್ಟರು, “ನಿಮ್ದೂ ಒಂಚೂರು ರಕ್ತ ಕೊಡಿ” ಎಂದರು. ಫಲಿತಾಂಶ ಬಂದ ದಿನ ತನುಜ ಒಬ್ಬಳೇ ಹೋಗಿದ್ದಳು.

“ಆಂಟಿ ಸಿಸಿಪಿ ಅಂತ ಒಂದು ಪ್ರತಿಕಾಯ, ನಿಮ್ಮ ರಕ್ತದಲ್ಲಿ ಜಾಸ್ತಿ ಇದೆ” ಎಂದರು ಡಾಕ್ಟರು. “ಅಮ್ಮನ ಕಾಯಿಲೆ ನಿಮಗೂ ಬಂದೇ ಬರುತ್ತೆ ಅಂತಲ್ಲ. ಎಷ್ಟೋ ಜನಕ್ಕೆ ಬರೋದೇ ಇಲ್ಲ. ಆದ್ರೆ ಬಂದ್ರೆ ಶುರುವಿನಲ್ಲೇ ಹಿಡೀಬೇಕು, ಆಗ ಬೆರಳು ಉಳಿಸಬಹುದು. ಬೆಳಗ್ಗೆ ಎದ್ದಾಗ ಬೆರಳು ಬಿಗಿ ಹಿಡ್ದಿರುತ್ತಾ?”

“ಇಲ್ಲ ಮೇಡಂ. ಕೋಳಿ ಕೂಗೋ ಹೊತ್ತಿಗೆಲ್ಲ ಎಳೆ ಹಿಡೀತಿರ್ತೀನಿ.”

ಡಾಕ್ಟರು ಗೆಣ್ಣುಗಳನ್ನು ಒತ್ತಿ ನೋಡಿದರು. ಊತವಿರಲಿಲ್ಲ. ಬಿಗಿತ ಕಂಡರೆ ತಡಮಾಡದೆ ಬರಬೇಕೆಂದು ಹೇಳಿ ಕಳಿಸಿದರು. ಅಮ್ಮನಿಗೆ ಹೇಳಲು ಬಾಯಿ ಬರದೆ ತನುಜ ವೇಣುವಿಗಷ್ಟೇ ಹೇಳಿಕೊಂಡಳು. ತಿಂಗಳುಗಳು ಉರುಳಿದವು. ಬೆರಳು ಎಂದಿನಂತೆಯೇ ಓಡುತ್ತಿತ್ತು.

ಅವರೆಕಾಯಿ ಕಾಲಕ್ಕೆ ನಂದಿಯಲ್ಲಿ ನಾದಿನಿ ಕಲ್ಯಾಣಿಯ ಮಗುವಿಗೆ ನಾಮಕರಣ. ಮಗಳೊಂದಿಗೆ ಹಿಂದಿನ ದಿನವೇ ಹೋದ ತನುಜಳ ಮುಂದೆ ಕಲ್ಯಾಣಿ ನಾಮಕರಣದ ಬೆಳಗ್ಗೆ ಎದ್ದ ಕೂಡಲೇ, ನೆನೆಸಿದ ಅವರೆಕಾಳಿನ ಪಾತ್ರೆ ಇಟ್ಟಳು. ಸಿಪ್ಪೆ ಹಿತುಕಿ ಬೇಳೆ ತೆಗೆಯಬೇಕು. ಕಾಳು ತನುಜಳ ಬೆರಳಿನಿಂದ ಜಾರಿ ಜಾರಿ ಅಡುಗೆಮನೆ ತುಂಬ ಓಡಾಡಿತು.

“ಏನತ್ತಿಗೆ, ರೇಷ್ಮೆ ಎಳೆ ಹಿಡಿಯೋರ ಕೈಗೆ ಅವರೆಕಾಳು ಸಿಗ್ತಿಲ್ವಾ?” ಕಲ್ಯಾಣಿ ನಕ್ಕಳು.

“ನಿಮ್ಮೂರ ಚಳಿ ಕಣೇ, ಕೈಯೆಲ್ಲ ಮರಗಟ್ಟಿದೆ.”

ನಾಮಕರಣ ಮುಗಿದ ಮಾರನೆಯ ಬೆಳಗ್ಗೆಯೂ ಅದೇ. ಮಗಳ ಜಡೆಗೆ ಟೇಪು ಕಟ್ಟಲಾಗಲಿಲ್ಲ. ಅಷ್ಟರಲ್ಲಿ ಕಲ್ಯಾಣಿ ಮಗುವಿನ ಸ್ನಾನಕ್ಕೆ ನೀರು ತೋಡಿಟ್ಟು, “ಹದವಾಗಿದೆಯಾ ನೋಡಿ ಅತ್ತಿಗೆ” ಎಂದಳು. ತನುಜ ಕೈ ಅದ್ದಿದಳು. ಆ ಬಿಸುಪು ಹಿತವೆನಿಸಿ ಕೈಯನ್ನು ಹಾಗೇ ಬಿಟ್ಟಳು. ಸ್ವಲ್ಪ ಹೊತ್ತಿಗೆ ಬೆರಳುಗಳು ಮೆಲ್ಲಗೆ ಸಡಿಲಗೊಂಡವು.

ಅವಳು ಕೈ ಮೇಲೆತ್ತಿ ಬೆರಳು ಮಡಚಿ ಬಿಡಿಸಿ ನೋಡಿದಳು. ಮನೆಯಲ್ಲಿ ಎದ್ದವಳೇ ಬೇಸಿನ್ನಿಗೆ ಕೈ ಹಾಕುತ್ತಾಳೆ. ಬಿಗಿತ ಇದ್ದರೂ ತಿಳಿಯುವ ಮೊದಲೇ ಬಿಸಿನೀರು ಅದನ್ನು ಬಿಡಿಸಿಬಿಡುತ್ತದೆ! ಡಾಕ್ಟರಿಗೆ ಅವಳು ಹೇಳಿದ್ದು ಸುಳ್ಳಲ್ಲ, ನಿಜವೂ ಆಗಿರಲಿಕ್ಕಿಲ್ಲ.

ಮಗಳನ್ನು ಕಲ್ಯಾಣಿಗೆ ಒಪ್ಪಿಸಿ, ನಂದಿಯಿಂದ ನೇರ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದಳು.

ಬೇಸಿನ್ನಿನ ವಿಷಯ ಕೇಳಿಸಿಕೊಂಡ ಡಾಕ್ಟರು ಗೆಣ್ಣು ಒತ್ತಿದಾಗ ಎರಡು ಕಡೆ ನೋವಾಯಿತು, ಸಣ್ಣಗೆ ಊತವೂ ಇತ್ತು. ಸ್ಕ್ಯಾನಿನಲ್ಲಿ ನೋಡಿ, “ಶುರುವಾಗಿದೆ. ಮೂಳೆಗೇನೂ ಆಗಿಲ್ಲ. ಎದ್ದ ತಕ್ಷಣ ಏನ್ಮಾಡ್ತೀರಿ ಅಂತ ನಾನೂ ಕೇಳಬೇಕಿತ್ತು” ಎಂದರು. ಅಮ್ಮನಿಗೆ ಕೊಡುತ್ತಿದ್ದ, ವಾರಕ್ಕೊಮ್ಮೆ ನುಂಗುವ ಮಾತ್ರೆಯನ್ನೇ ಬರೆದರು. ಅದು ನಡೆಯುವಷ್ಟು ಕಾಲ ಬಸಿರಾಗುವಂತಿಲ್ಲ ಎಂದೂ ಎಚ್ಚರಿಸಿದರು.

“ಇರೋ ಒಬ್ಳ ಜಡೆ ಹಾಕೋದೇ ಸಾಕಾಗಿದೆ ಮೇಡಂ” ಎಂದಳು ತನುಜ.

ಉಳಿದದ್ದು ಅಮ್ಮನಿಗೆ ಹೇಳುವ ಕೆಲಸ. ಜಂಗಮಕೋಟೆಯಲ್ಲಿ ಬಸ್ಸಿಳಿದು ನೇರ ತವರಿಗೆ ನಡೆದಳು. ಎಲ್ಲ ಕೇಳಿದ ಅಶ್ವತ್ಥಮ್ಮ ತಮ್ಮ ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡರು.

“ದೇವುಡಾ, ನನ್ನಿಂದ ನಿಂಗೂ ಬಂತಲ್ಲೇ.”

“ನಿನ್ನ ಜೊತೆ ಹೋಗಿದ್ದಕ್ಕೇ ಕಣಮ್ಮ ಇಷ್ಟು ಬೇಗ ಗೊತ್ತಾಗಿದ್ದು. ಇಲ್ದಿದ್ರೆ ನನ್ನ ರಕ್ತ ಯಾರು ನೋಡ್ತಿದ್ರು?”

ಅಶ್ವತ್ಥಮ್ಮ ಮಗಳ ಕೈಯನ್ನು ತೊಡೆಯ ಮೇಲೆಳೆದುಕೊಂಡು ಗೆಣ್ಣು ಸವರಿದರು.

“ಬೇಸಿನ್ನಿಗೆ ಯಾವತ್ತು ರಜಾ?”

“ಭಾನುವಾರ.”

“ಹಂಗಾದ್ರೆ ಶನಿವಾರ ರಾತ್ರಿ ನುಂಗು. ಮಾರನೇ ದಿನ ಹೊಟ್ಟೆ ತೊಳಸುತ್ತೆ, ಮಲ್ಕೊಂಡಿರಬಹುದು. ಊಟ ಮಾಡೇ ತಗೋಬೇಕು, ಖಾಲಿ ಹೊಟ್ಟೇಲಿ ತಗೊಂಡು ಆಮೇಲೆ ನನ್ನ ಬೈಬೇಡ” ಎಂದರು.