ಕೌದಿಯ ಹೊಟ್ಟೆ

ಗರುಡಾಚಾರ್‌ಪಾಳ್ಯದ ಶಾಲೆಯೊಂದರಲ್ಲಿ ನಾನು ಚಿತ್ರಕಲೆ ಟೀಚರ್. ಮಕ್ಕಳು ಏನೇ ಮಾಡಿದರೂ ಅದು ಗೋಡೆಗೆ ಏರಲೇಬೇಕು ಎಂಬ ಹಟ ನನ್ನದು. ಹೋದ ವರ್ಷ ಐದನೇ ತರಗತಿಗೆ ಕೌದಿ ಹೊಲಿಯುವುದನ್ನು ಕಲಿಸಲು ಒಬ್ಬ ವಿದ್ಯಾರ್ಥಿನಿಯ ಅಜ್ಜಿಯನ್ನೇ ಕರೆಸಿದೆ. ಕಲಬುರಗಿ ಕಡೆಯವರು, ಶಾಲೆಯ ಹಿಂದಿನ ಬಾಡಿಗೆ ಕೋಣೆಯಲ್ಲಿ ಮಗನ ಸಂಸಾರದ ಜೊತೆ ಇದ್ದರು. ಮಕ್ಕಳು ಮನೆಯಿಂದ ತಂದ ಹಳೆಯ ಸೀರೆ, ಪಂಚೆಗಳನ್ನೆಲ್ಲ ಪದರ ಪದರವಾಗಿ ಹಾಸಿ ಹೊಲಿಗೆ ಹಾಕಿಸಿದರು.

"ನಮ್ಮ ಮನ್ಯಾಗ ಎಲ್ಲರಿಗೂ ಅಂಗಡಿ ರಗ್ಗೇ ಬೇಕ್ರಿ. ನನ್ನ ಕೌದಿ ಗಂಟು ಕಟ್ಟಿ ಮೂಲ್ಯಾಗ ಇಟ್ಟಾರ. ಇದರ ಮ್ಯಾಲರೆ ಯಾರರೆ ಮಕ್ಕೋಬೇಕ್ ನೋಡ್ರಿ," ಎಂದರು ಮೊದಲ ದಿನವೇ.

"ಇದು ಪ್ರದರ್ಶನಕ್ಕೆ ಅಜ್ಜಿ, ಗೋಡೆಗೆ ಹಾಕ್ತೀವಿ," ಎಂದೆ. ಅವರ ಮುಖ ಸಪ್ಪಗಾಯಿತು. ನಾನು ಕಂಡೂ ಕಾಣದವಳಂತೆ ಸೂಜಿಗೆ ದಾರ ಪೋಣಿಸಿದೆ.

ಕೊನೆಗೆ ನಡುವಿನ ತೇಪೆ ಉಳಿಯಿತು. ಅದು ಕೌದಿಯ ಹೊಟ್ಟೆಯಂತೆ. ಅದನ್ನು ಉಪವಾಸ ಕೆಡವಬಾರದು, ಒಂದು ಚೂರು ಒಣ ರೊಟ್ಟಿ ಇಟ್ಟು ಹೊಲಿಯಬೇಕಂತೆ. ಅಜ್ಜಿ ರೊಟ್ಟಿ ಇಟ್ಟು, ಹೊಲಿಗೆಯನ್ನು ಮಕ್ಕಳಿಗೆ ಬಿಟ್ಟು ಮನೆಗೆ ಹೋದರು. ಸಂಜೆ ನಾನು ಕೌದಿಯನ್ನು ಗೋಡೆಗೆ ಏರಿಸಿ ದೂರ ನಿಂತು ನೋಡಿ ಬೀಗಿದೆ.

ಮರುದಿನವೇ ಪ್ರದರ್ಶನ. ಬೆಳಗ್ಗೆ ಗೇಟಿನಲ್ಲೇ ಹುಡುಗಿಯೊಬ್ಬಳು ಅಡ್ಡ ಬಂದಳು. "ಮಿಸ್, ಕೌದಿಗೆ ಇರುವೆ ಬಂದ್ಬಿಟ್ಟಿದೆ!"

ಗೋಡೆಯುದ್ದಕ್ಕೂ ಇರುವೆ ಸಾಲು, ನೇರ ಹೊಟ್ಟೆಗೇ. ಅಜ್ಜಿಗೆ ಹೇಳಿ ಕಳಿಸಿದೆ. ಅವರು ಬಂದು ಕೌದಿ ಇಳಿಸಿ ಹೊಲಿಗೆ ಬಿಚ್ಚಿದರೆ ಒಳಗೆ ಒಬ್ಬಟ್ಟಿನ ತುಂಡು, ಕ್ರೀಮ್ ಬಿಸ್ಕತ್ತು, ಕಬಾಬು!

"ಬರೀ ರೊಟ್ಟಿ ಸಾಕಾಗಲ್ಲ ಅನ್ನಿಸ್ತು ಮಿಸ್," ಎಂದಿತು ತರಗತಿ. ನನಗೆ ಮೈಯೆಲ್ಲ ಉರಿಯಿತು. ಅಜ್ಜಿಯೋ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಕೌದಿಯನ್ನು ಕೊಡವಿ, ವರಾಂಡದಲ್ಲಿ ಹಾಸಿ, ಬೇರೆ ರೊಟ್ಟಿ ಚೂರಿಟ್ಟು ಹೊಲಿಯತೊಡಗಿದರು. ಮಕ್ಕಳು ಅವರನ್ನು ಮುತ್ತಿಕೊಂಡು ಕೂತರು. ಅಷ್ಟರಲ್ಲಿ ಅಪ್ಪ ಅಮ್ಮಂದಿರು ಬರತೊಡಗಿದ್ದರು. ನಾನು ಏಣಿ ತರಿಸಿ, "ಆಯ್ತಾ ಅಜ್ಜಿ? ಬೇಗ ಕೊಡಿ, ಮೇಲೆ ಹಾಕ್ಬೇಕು," ಎಂದು ಕೂಗಿದೆ.

ಅಜ್ಜಿ ತುಟಿಯ ಮೇಲೆ ಬೆರಳಿಟ್ಟರು. ಯಾರದೋ ಪುಟ್ಟ ತಂಗಿ ಕೌದಿಯ ಅಂಚನ್ನು ಮೈಮೇಲೆಳೆದುಕೊಂಡು ನಿದ್ದೆ ಹೋಗಿದ್ದಳು.

"ಸಾವಕಾಶ ಮಾತಾಡ್ರಿ ಟೀಚರ್. ಕೂಸು ಮಕ್ಕೊಂಡದ."

ಏಣಿಯನ್ನು ವಾಪಸು ಕಳಿಸಿದೆ. ಆವತ್ತು ಬಂದವರೆಲ್ಲ ನಮ್ಮ ಕೌದಿಯನ್ನು ಬಗ್ಗಿ, ಪಿಸುಗುಟ್ಟುತ್ತಲೇ ನೋಡಿ ಹೋದರು.