ಟೇಬಲ್ ಮೇಲಿಲ್ಲದ ಉಂಗುರ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ನಮ್ಮೂರಿನ ಜನಕ್ಕೆ ಕಾಣುವ ಕಷ್ಟವೂ ಬೇಡ. "ಕಣ್ಣಾರೆ ಕಂಡೆ" ಎನ್ನುವವರನ್ನು ಕಂಡರೆ ನನಗೆ ಈಗ ಮೈಯೆಲ್ಲ ಉರಿಯುತ್ತದೆ. ಹುಲಿಯಪ್ಪನನ್ನು ಕಳ್ಳ ಮಾಡಿದ್ದು ಅಂಥ ಇಬ್ಬರು.

ಚಳ್ಳಕೆರೆಯಲ್ಲಿ ಜಂಬುಲಿಂಗಪ್ಪನ ಬಾರಿನ ಎದುರಿಗೇ ನನ್ನ ಟೈಲರ್ ಅಂಗಡಿ. ಹುಲಿಯಪ್ಪ ಆ ಬಾರಿನಲ್ಲಿ ಗ್ಲಾಸು ತೊಳೆಯುತ್ತಿದ್ದ. ಮೊದಲು ಎಪಿಎಂಸಿ ಯಾರ್ಡಿನಲ್ಲಿ ಶೇಂಗಾ ಮೂಟೆ ಹೊರುತ್ತಿದ್ದವನು, ಸೊಂಟ ಹಿಡಿದುಕೊಂಡ ಮೇಲೆ ಭಾರ ಎತ್ತಲಾಗದೆ ಇಲ್ಲಿ ಸೇರಿದ. ಮೊಳಕಾಲ್ಮೂರು ರಸ್ತೆಯ ಹಟ್ಟಿಯಿಂದ ಬಸ್ಸಿನಲ್ಲಿ ಬಂದು, ಬಾರು ತೆರೆಯುವ ತನಕ ನನ್ನ ಅಂಗಡಿ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಮಾತು ಕಡಿಮೆ. ಆಡಿದರೆ ದೇವರ ಎತ್ತುಗಳ ಮಾತು.

ಅವರ ಹಟ್ಟಿಯಲ್ಲಿ ದೇವರಿಗೆ ಬಿಟ್ಟ ಎತ್ತುಗಳ ಹಿಂಡು ಇದೆ. ಅವುಗಳನ್ನು ಹೂಡುವಂತಿಲ್ಲ, ಮಾರುವಂತಿಲ್ಲ. ಕಾಯುವವನಿಗೆ ಕಿಲಾರಿ ಎನ್ನುತ್ತಾರೆ, ಅವನಿಗೆ ಪೂಜಾರಿಯಷ್ಟೇ ಮರ್ಯಾದೆ. ಹುಲಿಯಪ್ಪನ ಅಪ್ಪ ಕಿಲಾರಿಯಾಗಿದ್ದ. ಅವನು ಸತ್ತ ಮೇಲೆ ಕಿಲಾರಿಯ ಕೋಲು ದಾಯಾದಿಗಳ ಮನೆಗೆ ಹೋಗಿತ್ತು. ಅಲ್ಲಿಯ ಮುದುಕನಿಗೆ ಈಗ ಕಣ್ಣು ಮಂಜಾಗಿ, ಕೋಲು ಮತ್ತೆ ಹುಲಿಯಪ್ಪನ ಕೈಗೆ ಬರುವುದಿತ್ತು. ಹಟ್ಟಿಯ ಯಜಮಾನ ಮಾರಯ್ಯ ಮುಂದಿನ ಸೋಮವಾರ ಕೊಡುತ್ತೇನೆಂದು ಮಾತು ಕೊಟ್ಟಿದ್ದರು. ಭಾರ ಎತ್ತಲಾಗದ ಸೊಂಟ ನಡೆಯುವುದಕ್ಕೆ ಅಡ್ಡಿ ಮಾಡಲ್ಲ ಎಂದು ಅವನು ನನ್ನ ಮುಂದೆ ಎಷ್ಟು ಸಲ ಹೇಳಿದ್ದನೋ.

ಆ ಹಟ್ಟಿಯವರು ಕುರಿ ತಿನ್ನುತ್ತಾರೆ, ಕೋಳಿ ಮುಟ್ಟುವುದಿಲ್ಲ. ಕೋಳಿ ತಿಂದವನು ದೇವರ ಎತ್ತಿನ ಹತ್ತಿರ ಸುಳಿಯುವಂತಿಲ್ಲ. ಅದಕ್ಕೇ ಕೆಲಸಕ್ಕೆ ಸೇರುವಾಗಲೇ ಹುಲಿಯಪ್ಪ ಹೇಳಿದ್ದ, ಗ್ಲಾಸು ಎಷ್ಟಾದರೂ ತೊಳೆಯುತ್ತೇನೆ, ಕಬಾಬಿನ ತಟ್ಟೆ ಮಾತ್ರ ಎತ್ತುವುದಿಲ್ಲ ಎಂದು. ಜಂಬುಲಿಂಗಪ್ಪ ಒಪ್ಪಿ, ತಟ್ಟೆಗೆ ಬೇರೆ ಆಳು ಇಟ್ಟಿದ್ದ.

ಆ ಸೋಮವಾರಕ್ಕೆ ಮೊದಲು ಒಂದು ಸಂಜೆ ಬಾರಿನಲ್ಲಿ ಗಲಾಟೆ ಕೇಳಿ ರಸ್ತೆ ದಾಟಿ ಹೋದೆ. ಗೊಬ್ಬರದಂಗಡಿಯ ಮಹಾಂತೇಶ ತನ್ನ ಮನೆದೇವರ ಬೆಳ್ಳಿ ಉಂಗುರ ಕಳೆದುಹೋಯಿತೆಂದು ಕೂಗಾಡುತ್ತಿದ್ದ. ಹುಲಿಯಪ್ಪನ ಅಂಗಿ ಬಿಚ್ಚಿಸಿ ಜೇಬೆಲ್ಲ ತಡಕಿದ್ದರು. ಏನೂ ಸಿಕ್ಕಿರಲಿಲ್ಲ. ಐವತ್ತು ದಾಟಿದ ಮನುಷ್ಯ ಬನಿಯನ್ನಿನಲ್ಲಿ, ಒದ್ದೆ ಕೈ ಇಳಿಬಿಟ್ಟುಕೊಂಡು ಎಲ್ಲರ ಮುಂದೆ ನಿಂತಿದ್ದ.

ಆಗ ಶುರುವಾಯಿತು ಸಾಕ್ಷಿ. ಪಕ್ಕದ ಟೇಬಲಿನ ಗಂಗರಾಜು, ಎಣ್ಣೆಮಿಲ್ಲಿನ ಮೇಸ್ತ್ರಿ, ಎದ್ದು ನಿಂತು ಹೇಳಿದ. ಉಂಗುರ ಕಬಾಬ್ ತಟ್ಟೆಯ ಪಕ್ಕ ಹೊಳೆಯುತ್ತಿತ್ತಂತೆ. ಹುಲಿಯಪ್ಪ ತಟ್ಟೆ ಎತ್ತುವ ನೆಪದಲ್ಲಿ ಅದನ್ನು ಅಂಗೈಗೆ ಜಾರಿಸಿದನಂತೆ. ಅವನ ಜೊತೆಗಿದ್ದ ಬೈಕ್ ಮೆಕ್ಯಾನಿಕ್ ಮಾರುತೇಶ ಹೌದು ಹೌದು ಎಂದು ತಲೆಯಾಡಿಸಿ, ತಾನೂ ಒಗ್ಗರಣೆ ಹಾಕಿದ. ತಟ್ಟೆಯಲ್ಲಿ ಉಳಿದಿದ್ದ ಒಂದು ಪೀಸನ್ನು ಹುಲಿಯಪ್ಪ ಬಾಯಿಗೂ ಹಾಕಿಕೊಂಡನಂತೆ. ಅಷ್ಟು ಹೊತ್ತು ಸುಮ್ಮನಿದ್ದ ಹುಲಿಯಪ್ಪ ಆ ಮಾತಿಗೆ ತಲೆ ಎತ್ತಿದ. ಯಾರೋ ಪುಣ್ಯಾತ್ಮ ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿಯುತ್ತಿದ್ದ.

ಇವನು ತಟ್ಟೆ ಎತ್ತುವವನೇ ಅಲ್ಲ, ನಿನಗೇ ಗೊತ್ತಲ್ಲ ಎಂದು ನಾನು ಜಂಬುಲಿಂಗಪ್ಪನ ಮುಖ ನೋಡಿದೆ. ದೊಡ್ಡ ಗಿರಾಕಿಯ ಮುಂದೆ ಆ ಮನುಷ್ಯನ ನಾಲಿಗೆ ಬಿದ್ದುಹೋಗಿತ್ತು. ನಾಳೆಯಿಂದ ಬರಬೇಡ ಎಂದು ಹುಲಿಯಪ್ಪನಿಗೆ ಹೇಳಲು ಮಾತ್ರ ಮತ್ತೆ ಬಂತು.

ಎರಡು ದಿನದ ಮೇಲೆ ಮಹಾಂತೇಶ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ನನ್ನ ಅಂಗಡಿಗೆ ಬಂದ. ಉಂಗುರ ಬೆರಳಲ್ಲಿತ್ತು. ಮನೆದೇವರ ಉಂಗುರ ಹಾಕಿಕೊಂಡು ಕೋಳಿ ತಿನ್ನಬಾರದಲ್ಲ, ಅದಕ್ಕೇ ಅವತ್ತು ಬಾರಿಗೆ ಬರುವ ಮೊದಲೇ ಬಿಚ್ಚಿ ಬೈಕಿನ ಬಾಕ್ಸಿನಲ್ಲಿ ಇಟ್ಟಿದ್ದೆ, ಮರೆತೇಹೋಗಿತ್ತು ನೋಡಿ ಎಂದು ನಕ್ಕ. ಉಂಗುರ ಬಾರಿನ ಹೊಸ್ತಿಲನ್ನೇ ದಾಟಿರಲಿಲ್ಲ. ಆದರೂ ಇಬ್ಬರು ಅದು ಹೊಳೆಯುವುದನ್ನು ನೋಡಿದ್ದರು. ನನ್ನ ಕೈಯಲ್ಲಿ ಕತ್ತರಿ ಇತ್ತು, ಕೆಳಗಿಟ್ಟೆ.

ಅಷ್ಟರಲ್ಲಿ ಜಂಬುಲಿಂಗಪ್ಪ ಹುಲಿಯಪ್ಪನಿಗೆ ಫೋನು ಮಾಡಿ, ಉಂಗುರ ಸಿಕ್ಕಿದೆ, ಆಗಿದ್ದಾಯಿತು, ಕೆಲಸಕ್ಕೆ ಬಾ ಎಂದಿದ್ದ. ಹುಲಿಯಪ್ಪ ಬಂದ, ಆದರೆ ಬಾರಿನೊಳಕ್ಕೆ ಕಾಲಿಡಲಿಲ್ಲ. ನನ್ನ ಮೆಟ್ಟಿಲ ಮೇಲೆ ಕೂತ. ಆ ವಿಡಿಯೊ ಹಟ್ಟಿಯವರ ಮೊಬೈಲುಗಳಿಗೆಲ್ಲ ಹೋಗಿತ್ತು. ವಿಷಯ ಇತ್ಯರ್ಥವಾಗುವವರೆಗೆ ಎತ್ತಿನ ಹತ್ತಿರ ಬರಬೇಡ ಎಂದು ಮಾರಯ್ಯ ಹೇಳಿದ್ದರು.

"ಕಳ್ಳ ಅಂದಿದ್ದು ಹೋಗ್ಲಿ," ಎಂದ. "ಉಂಗುರ ಸಿಕ್ತು, ಅದು ಮುಗೀತು. ಕೋಳಿ ತಿಂದ ಅಂದ್ರಲ್ಲ, ಅದನ್ನ ಯಾರು ವಾಪಸ್ ತಗಂತಾರೆ?"

ನಾನು ಶಟರ್ ಎಳೆದು ನೆಟ್ಟಗೆ ಗೊಬ್ಬರದಂಗಡಿಗೆ ಹೋದೆ. ಗಿರಾಕಿಗಳು ತುಂಬಿದ್ದರು. ತುಂಬಿರಲಿ ಎಂದೇ ಜೋರಾಗಿ ಹೇಳಿದೆ.

"ನಿಮ್ಮ ಉಂಗುರಕ್ಕೆ ಕೋಳಿ ತಾಗಬಾರದು ಅಂತ ಇಷ್ಟು ಮಡಿ ಮಾಡ್ತೀರಲ್ರೀ. ಅವನ ಬಾಯಿಗೆ ಕೋಳಿ ತುರುಕಿ ಆರಾಮಾಗಿ ಕೂತಿದ್ದೀರಲ್ಲ."

ಮಹಾಂತೇಶನ ಮುಖ ಸಣ್ಣದಾಯಿತು. ಸೋಮವಾರ ಅವನೇ ಆ ಇಬ್ಬರು ಸಾಕ್ಷಿಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಹಟ್ಟಿಗೆ ಹೊರಟ. ನಾನೂ ಹತ್ತಿದೆ.

ಎತ್ತುಗಳ ರೊಪ್ಪದ ಮುಳ್ಳುಬೇಲಿಯ ಮುಂದೆ ಹಟ್ಟಿಯ ಜನ ಸೇರಿದ್ದರು. ಕಿಲಾರಿಯ ಕೋಲು ಮಾರಯ್ಯನವರ ತೊಡೆಯ ಮೇಲಿತ್ತು. ಹುಲಿಯಪ್ಪ ದೂರ ನಿಂತಿದ್ದ. ಮಹಾಂತೇಶ ಉಂಗುರದ ಕಥೆ ಹೇಳಿ ಕೈಮುಗಿದ. ನೀವು ಏನು ನೋಡಿದಿರಿ ಎಂದು ಮಾರಯ್ಯ ಗಂಗರಾಜುವನ್ನು ಕೇಳಿದರು. ಗಂಗರಾಜು ಎದೆ ಸೆಟೆಸಿ, ಹುಲಿಯಪ್ಪ ತಟ್ಟೆಯ ಹತ್ತಿರವೇ ಬರಲಿಲ್ಲ, ಯಾರೋ ಒಂದು ಪೀಸು ಕೊಡಲು ಹೋದರೂ ಕೈಮುಗಿದು ಬೇಡ ಎಂದ, ಅದನ್ನು ತಾನು ಕಣ್ಣಾರೆ ಕಂಡೆ ಎಂದ. ಜನ ಉಸಿರು ಬಿಟ್ಟರು. ಮಾರಯ್ಯ ಕೋಲು ಕೈಗೆ ತೆಗೆದುಕೊಂಡರು. ಸುಳ್ಳಾದರೂ ಕೆಲಸ ಆಯಿತಲ್ಲ ಎಂದು ನನಗೂ ಸಮಾಧಾನವಾಯಿತು.

ಹುಲಿಯಪ್ಪ ಮುಂದೆ ಬಂದ. ಅಷ್ಟು ಸಿಟ್ಟು ಅವನ ಮುಖದಲ್ಲಿ ನಾನು ಯಾವತ್ತೂ ನೋಡಿರಲಿಲ್ಲ.

"ಇದೂ ಸುಳ್ಳೇ ಐತೆ. ನಂಗ್ಯಾರೂ ಕೊಡಕ್ಕೆ ಬರ್ಲಿಲ್ಲ, ನಾನು ಬ್ಯಾಡ ಅನ್ನಲಿಲ್ಲ. ಇಂಥ ಸಾಕ್ಷಿ ಮ್ಯಾಲೆ ಕೋಲು ನಂಗೆ ಬ್ಯಾಡ ಯಜಮಾನ್ರೆ."

ಮಾರಯ್ಯ ಕೋಲನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು ಮಾರುತೇಶನ ಕಡೆ ತಿರುಗಿದರು. ಅವನು ಗಂಗರಾಜುವನ್ನು ನೋಡಿದ, ರೊಪ್ಪದೊಳಗಿನ ಎತ್ತುಗಳನ್ನು ನೋಡಿದ, ಆಮೇಲೆ ನೆಲ ನೋಡಿದ.

"ನಾನು ಏನೂ ನೋಡಿಲ್ರಿ," ಎಂದ. "ಟೀವಿಯಾಗೆ ಮ್ಯಾಚ್ ನೋಡ್ತಿದ್ದೆ. ಗಂಗರಾಜಣ್ಣ ಅಂದ, ನಾನೂ ಅಂದೆ."

ಮಾರಯ್ಯ ಎದ್ದು ಕೋಲನ್ನು ಹುಲಿಯಪ್ಪನ ಕೈಗಿಟ್ಟರು. ಹುಲಿಯಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಮಾರುತೇಶನ ಮುಂದೆ ನಿಂತ.

"ಇಷ್ಟು ಹೇಳಕ್ಕೆ ಇಲ್ಲಿಗಂಟ ಬರಬೇಕಿತ್ತೇನಪ್ಪಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ರೊಪ್ಪದೊಳಕ್ಕೆ ಹೋದ.

ವಾಪಸ್ ಬರುವಾಗ ಕಾರು ಇನ್ನೂ ಸ್ವಲ್ಪ ದೂರ ಬಂದಿತ್ತು. ಗಂಗರಾಜು ಗಂಟಲು ಸರಿಮಾಡಿಕೊಂಡ. ಕೋಲು ಹಿಡಿದಾಗ ಹುಲಿಯಪ್ಪ ಗಳಗಳ ಅತ್ತುಬಿಟ್ಟ, ನಾನು ಕಣ್ಣಾರೆ ಕಂಡೆ ಎಂದ.

ಕಾರು ನಿಲ್ಲಿಸಲು ಹೇಳಿ ನಾನು ಇಳಿದೆ. ಬಿಸಿಲಿತ್ತು, ಬಸ್ಸು ಯಾವಾಗ ಬರುತ್ತದೋ ಗೊತ್ತಿರಲಿಲ್ಲ. ಹುಲಿಯಪ್ಪ ಅತ್ತಿರಲಿಲ್ಲ. ನಾನು ಅವನ ಪಕ್ಕದಲ್ಲೇ ನಿಂತಿದ್ದೆ.