ಚಾರ್ಟಿನ ಕೆಳಗೆ ಬರೆಸಿದ ಉದ್ಯೋಗ

ಧಾರವಾಡದ ಕಾಲೇಜೊಂದರಲ್ಲಿ ನಾನು ಹನ್ನೊಂದು ವರ್ಷ ರಾಜ್ಯಶಾಸ್ತ್ರ ಕಲಿಸಿದವಳು. ಪ್ರತಿ ಜುಲೈಯಲ್ಲಿ ಹದಿನೇಳನೇ ಶತಮಾನದ ಅದೇ ಇಂಗ್ಲಿಷ್ ತತ್ತ್ವಜ್ಞಾನಿಯ ಪಾಠ: ದುಡಿಮೆ ದುಡಿದವನ ಸ್ವತ್ತು, ಸರ್ಕಾರ ನಿಲ್ಲುವುದು ಜನರ ಒಪ್ಪಿಗೆಯ ಮೇಲೆ, ಅದು ಮಾತಿಗೆ ತಪ್ಪಿದರೆ ಕಿತ್ತೊಗೆಯುವ ಹಕ್ಕು ಜನರಿಗಿದೆ. ಅವನು ಸತ್ತು ಎಷ್ಟೋ ವರ್ಷಗಳಾದ ಮೇಲೆ ಅಮೆರಿಕದವರು ಇದೇ ಮಾತು ಹಿಡಿದು ರಾಜನ ಆಳ್ವಿಕೆ ಕೊಡವಿಕೊಂಡರು, ಆಮೇಲೆ ಫ್ರಾನ್ಸಿನವರೂ ಎದ್ದರು. ಹಿಂದಿನ ಬೆಂಚಿನವರು ತೂಕಡಿಸುತ್ತಿದ್ದರು. ನನಗೆ ಮಾತ್ರ ಪ್ರತಿ ವರ್ಷವೂ ಮೈ ಜುಮ್ಮೆನ್ನುತ್ತಿತ್ತು.

ಎರಡು ಸಾವಿರದ ಹತ್ತು ದಾಟಿದ ಮೇಲೆ ಗಂಡನ ಹಿಂದೆ ಅದೇ ಅಮೆರಿಕಕ್ಕೆ, ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ಗೆ ಬಂದೆ. ನನ್ನದು ಹೆಂಡತಿಯ ವೀಸಾ; ಅದರಲ್ಲಿ ಇರಬಹುದು, ಉಣ್ಣಬಹುದು, ಕೆಲಸಕ್ಕೆ ಸೇರುವಂತಿಲ್ಲ. ಹೂಸ್ಟನ್ನಿರಲಿ, ಡಲ್ಲಾಸಿರಲಿ, ಯಾರ ಮನೆಗೆ ಊಟಕ್ಕೆ ಹೋದರೂ ಗಂಡಸರು ತಟ್ಟೆ ಹಿಡಿದು ಇಲ್ಲಿಯ ಫ್ರೀಡಂ ಹೊಗಳುವರು. ಒಳಗೆ ಅದೇ ವೀಸಾದ ಹೆಂಡಂದಿರು, ಊರಲ್ಲಿ ಇಂಜಿನಿಯರು, ಹಲ್ಲಿನ ಡಾಕ್ಟರು, ನನ್ನಂಥ ಟೀಚರು ಆಗಿದ್ದವರು ಸೇರಿ ಅವರಿಗೆ ಚಪಾತಿ ಬಿಸಿ ಮಾಡುತ್ತಿದ್ದೆವು.

ಆ ತತ್ತ್ವಜ್ಞಾನಿಯೇನೂ ಸಾಚಾ ಅಲ್ಲ. ಗುಲಾಮರನ್ನು ಮಾರುವ ಕಂಪನಿಯಲ್ಲಿ ಅವನ ಹಣವಿತ್ತು. ಒಪ್ಪಿಗೆ ಯಾವಾಗ ಕೊಟ್ಟೆವಪ್ಪಾ ಎಂದರೆ, ದೇಶದ ರಸ್ತೆಯಲ್ಲಿ ಓಡಾಡಿದರೂ ಒಪ್ಪಿದಂತೆಯೇ ಎಂದವನು. ಹಾಗಾದರೆ ವಾರಕ್ಕೊಮ್ಮೆ ಕೊತ್ತಂಬರಿ ತರಲು ಹೋಗುವ ನಾನೂ ಒಪ್ಪಿದವಳೇ.

ಮೂರನೇ ವರ್ಷ ಪಕ್ಕದ ಮನೆಯ ಮೈಸೂರಿನವಳು ಎಂಟನೇ ತರಗತಿಯ ಮಗಳನ್ನು ಕರೆತಂದಳು. ಹಿಸ್ಟರಿ ಪ್ರಾಜೆಕ್ಟಿಗೆ ಹುಡುಗಿಯ ಪಾಲಿಗೆ ಬಂದವನೂ ಅದೇ ತತ್ತ್ವಜ್ಞಾನಿ. ನಾಲ್ಕು ವಾರ ಸಂಜೆ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಕಲಿಸಿದೆ. ಚುರುಕು ಹುಡುಗಿ, ಅಡ್ಡಪ್ರಶ್ನೆ ಕೇಳುತ್ತಿದ್ದಳು. ಅವಳು ಬರುವ ಹೊತ್ತಿಗೆ ಕಾಲೇಜಿಗೆ ಉಡುತ್ತಿದ್ದ ಕಾಟನ್ ಸೀರೆ ಉಟ್ಟು ಕೂರತೊಡಗಿದೆ. ಸುಖವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಕೊನೆಯ ದಿನ ಚಾರ್ಟಿನ ಕೆಳಗೆ ಸಹಾಯ ಮಾಡಿದವರ ಹೆಸರು, ಉದ್ಯೋಗ ಬರೆಯಬೇಕಿತ್ತು.

“ಆಂಟಿ, ಯು ಆರ್ ಅ ಟೀಚರ್, ರೈಟ್?” ಎಂದು ಹುಡುಗಿ ಸ್ಕೆಚ್ ಪೆನ್ ಎತ್ತಿಕೊಂಡಳು.

ತಾಯಿ ಕೈ ಅಡ್ಡ ಹಿಡಿದಳು. “ಟೀಚರ್ ಅಂತ ಬೇಡ ಕಣೇ. ಆಂಟಿಗೆ ವರ್ಕ್ ಪರ್ಮಿಟ್ ಇಲ್ಲ. ಯಾರಾದ್ರೂ ನೋಡಿ, ನಾಳೆ ವೀಸಾಗೆ ತೊಂದ್ರೆ ಆದ್ರೆ?”

ಮಕ್ಕಳ ಚಾರ್ಟ್ ಓದಲು ಯಾವ ಅಧಿಕಾರಿ ಬರುತ್ತಾನೆ? ನನಗೆ ನಗು ಬರಬೇಕಿತ್ತು. ಬರಲಿಲ್ಲ, ಹೆದರಿಕೆ ಬಂತು.

“ಬಟ್ ಇಟ್ಸ್ ಟ್ರೂ,” ಎಂದು ಹುಡುಗಿ ನನ್ನ ಮುಖ ನೋಡಿದಳು.

ಸರ್ಕಾರವನ್ನೇ ಕಿತ್ತೊಗೆಯುವ ಪಾಠವನ್ನು ಹನ್ನೊಂದು ವರ್ಷ ಹೇಳಿದ ಬಾಯಿ ನನ್ನದು. ಅದೇ ಬಾಯಲ್ಲಿ ಹೇಳಿದೆ, “ಹೌಸ್‌ವೈಫ್ ಅಂತ ಬರಿಯವಾ.”

ದುಂಡಗೆ ಬರೆದಳು. ಅದರ ಮೇಲ್ಗಡೆಯೇ, ನಾನೇ ಹೇಳಿಕೊಟ್ಟ ಸಾಲು ಕೆಂಪು ದೊಡ್ಡಕ್ಷರದಲ್ಲಿತ್ತು: ದುಡಿಮೆ ದುಡಿದವರ ಸ್ವತ್ತು. ಹಳೇ ಅಭ್ಯಾಸ ಬಿಡಲಿಲ್ಲ. ಹೌಸ್‌ವೈಫ್ ಸ್ಪೆಲ್ಲಿಂಗ್ ಸರಿಯಿದೆಯೇ ಎಂದು ಬಗ್ಗಿ ನೋಡಿ, ಸರಿಯಿದೆ ಎಂದು ತಲೆಯಾಡಿಸಿದೆ.